ಹೊಸ ರೂಟರ್ ತಂದೆ, ತಂತಿ ಹಾಕೋಕೆ ಜಾಗವೇ ಇಲ್ಲ!

ಪ್ರಶ್ನೆ: ಸರ್, ಬ್ರಹ್ಮಪುರದಲ್ಲಿ ನಮ್ಮದು ಹಳೇ ಕಲ್ಲಿನ ಮನೆ. ಫೈಬರ್ ಕನೆಕ್ಷನ್ ಇದೆ. ಕಂಪನಿಯವರು ಕೊಟ್ಟ ಡಬ್ಬಿ ಪಡಸಾಲೆಯಲ್ಲಿದೆ, ಒಳಕೋಣೆಗೆ ವೈಫೈ ಬರುವುದೇ ಇಲ್ಲ. ಬೇಸತ್ತು ಸೂಪರ್ ಮಾರ್ಕೆಟ್‌ನಲ್ಲಿ ಒಂದು ರೂಟರ್ ತಂದೆ. ಆ ಸಣ್ಣ ಫೈಬರ್ ತಂತಿ ಸಿಕ್ಕಿಸಲು ಇದರಲ್ಲಿ ಜಾಗವೇ ಇಲ್ಲ. ಹಳೇ ಡಬ್ಬಿ ತೆಗೆದು ಇದನ್ನು ಹಾಕುವುದು ಹೇಗೆ?
- ಓದುಗರೊಬ್ಬರು, ಕಲಬುರಗಿ

ಉತ್ತರ: ಹಳೇದನ್ನು ತೆಗೆಯಲೇಬೇಡಿ. ಅದು ಬರೀ ರೂಟರ್ ಅಲ್ಲ, ಓಎನ್‌ಟಿ ಕೂಡ. ಫೈಬರ್‌ನಲ್ಲಿ ಬರುವುದು ಬೆಳಕು. ಅದನ್ನು ರೂಟರ್‌ಗೆ ಅರ್ಥವಾಗುವಂತೆ ಬದಲಿಸುವುದು ಆ ಡಬ್ಬಿಯೇ, ಅದರ ಸೀರಿಯಲ್ ನಂಬರ್ ಕೂಡ ಕಂಪನಿಯ ಕಡೆ ನೋಂದಾಯಿಸಿರುತ್ತದೆ. ಲ್ಯಾಂಡ್‌ಲೈನ್ ಫೋನ್ ಇದ್ದರೆ ಅದೂ ಅಲ್ಲಿಂದಲೇ.

ಹಸಿರು ತುದಿಯ ಆ ತಂತಿಯನ್ನು ಮುಟ್ಟಬೇಡಿ. ನಾನೊಮ್ಮೆ ಧೂಳು ಅಂತ ಕಿತ್ತು, ಬೆರಳಲ್ಲಿ ಒರೆಸಿ ಮತ್ತೆ ಸಿಕ್ಕಿಸಿದೆ. ಕೆಂಪು ಲೈಟ್ ಹತ್ತಿತು, ಎರಡು ದಿನ ನೆಟ್ ಇಲ್ಲ. ತುದಿಯೊಳಗೆ ಕಣ್ಣಿಟ್ಟು ನೋಡುವುದಂತೂ ಬೇಡವೇ ಬೇಡ.

ಮಾಡಬೇಕಾದ್ದು ಇಷ್ಟೇ. ಹಳೇ ಡಬ್ಬಿಯ, ನೆಟ್ ಹೊರಗೆ ಕೊಡುವ ಲ್ಯಾನ್ ಪೋರ್ಟ್‌ನಿಂದ ಹೊಸ ರೂಟರಿನ, ನೆಟ್ ಒಳಗೆ ತೆಗೆದುಕೊಳ್ಳುವ ವ್ಯಾನ್ ಪೋರ್ಟ್‌ಗೆ ಒಂದು ಕೇಬಲ್. ಸಾಮಾನ್ಯವಾಗಿ ಅಷ್ಟಕ್ಕೇ ನೆಟ್ ಬರುತ್ತದೆ. ಆದರೆ ಹೀಗೆ ಎರಡೂ ರೂಟರ್ ಆಗಿಯೇ ಕೆಲಸ ಮಾಡಿದರೆ ಹೊರಗಿನಿಂದ ಮನೆಯ ಸಿಸಿಟಿವಿ ನೋಡುವುದು, ಕೆಲವು ಆನ್‌ಲೈನ್ ಆಟ ಇವಕ್ಕೆ ತೊಡಕಾಗಬಹುದು. ಅದು ಬೇಡ ಅಂದರೆ ಕಂಪನಿಗೆ ಫೋನ್ ಮಾಡಿ 'ಬ್ರಿಡ್ಜ್ ಮೋಡ್ ಮಾಡಿಕೊಡಿ' ಅನ್ನಿ (ಆಗ ಹಳೇ ಡಬ್ಬಿ ರೂಟರ್ ಕೆಲಸ ಬಿಟ್ಟು ಬೆಳಕು ಬದಲಿಸುವುದಷ್ಟೇ ಮಾಡುತ್ತದೆ), ನೆಟ್‌ಗೆ ಲಾಗಿನ್ ಆಗುವ ನಿಮ್ಮ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ, ವಿಲ್ಯಾನ್ ನಂಬರ್ (ಕೆಲವು ಕಂಪನಿ ತಮ್ಮ ಲೈನ್‌ಗೆ ಇಡುವ ಗುರುತಿನ ಸಂಖ್ಯೆ) ಬೇಕಾ ಅಂತಲೂ ಕೇಳಿಬಿಡಿ, ಇದನ್ನೆಲ್ಲ ಹೊಸ ರೂಟರ್‌ನಲ್ಲಿ ತುಂಬಬೇಕಾಗುತ್ತದೆ. ಒಪ್ಪಲಿಲ್ಲವಾ? ಬಿಡಿ, ಜಗಳ ಬೇಡ. ಹೊಸದನ್ನು, ರೂಟರ್ ಕೆಲಸ ಹಳೇದಕ್ಕೇ ಬಿಟ್ಟು ಬರೀ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ನಿಮ್ಮ ಕೆಲಸಕ್ಕೆ ಅದೇ ಧಾರಾಳ.

ನಿಜ ಹೇಳಬೇಕೆಂದರೆ ನಿಮ್ಮ ತೊಂದರೆ ರೂಟರ್‌ನದ್ದಲ್ಲ, ಗೋಡೆಯದ್ದು. ಎರಡಡಿ ದಪ್ಪದ ಕಲ್ಲಿನ ಗೋಡೆ ದಾಟುವುದು ವೈಫೈನ 2.4 ಗಿಗಾಹರ್ಟ್ಸ್‌ಗೇ ಕಷ್ಟ, 5 ಗಿಗಾಹರ್ಟ್ಸ್ ಅಂತೂ ಬಾಗಿಲಲ್ಲೇ ನಿಂತುಬಿಡುತ್ತದೆ. ಹಾಗಾಗಿ ಹೊಸದನ್ನು ಹಳೇದರ ಪಕ್ಕ ಇಟ್ಟರೆ ಸುಮ್ನೆ ದುಡ್ಡು ದಂಡ. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ ತಂದು ಬಾಗಿಲ ಚೌಕಟ್ಟಿನ ಮೇಲಿಂದ ಎಳೆದು, ರೂಟರನ್ನು ಒಳಕೋಣೆಯಲ್ಲೇ ಇಡಿ. 100 ಮೀಟರ್‌ವರೆಗೆ ಚಿಂತೆಯಿಲ್ಲ, ನಿಮ್ಮ ಮನೆ ಅಷ್ಟು ಉದ್ದ ಇರಲಾರದು ಅಲ್ವಾ?

ಇನ್ನೊಂದು, ಕರೆಂಟ್ ಹೋದಾಗ ಎರಡೂ ನಡೆಯಬೇಕು. ಒಳಗಿನ ರೂಟರ್ ಇನ್ವರ್ಟರ್ ಮೇಲಿದ್ದು ಪಡಸಾಲೆಯ ಡಬ್ಬಿ ಆಫ್ ಆದರೆ, ವೈಫೈ ಗುರುತು ಪೂರ್ತಿ ಕಾಣುತ್ತದೆ, ನೆಟ್ ಮಾತ್ರ ಇರುವುದಿಲ್ಲ.