ಟಾಸ್ಕ್ ಮ್ಯಾನೇಜರ್‌ನಲ್ಲಿ ಹತ್ತಾರು ಎಸ್‌ವಿಸಿಹೋಸ್ಟ್ ಕಾಣುತ್ತಿವೆ, ಇವುಗಳಲ್ಲಿ ವೈರಸ್ ಯಾವುದೆಂದು ಪತ್ತೆ ಮಾಡುವುದು ಹೇಗೆ?

ಆಂಟಿವೈರಸ್ ಏನೂ ಇಲ್ಲ ಅನ್ನುತ್ತೆ, ಆದರೂ ಫ್ಯಾನ್ ಜೋರಾಗಿ ತಿರುಗುತ್ತೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾಗುತ್ತೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ಮೂರು ವರ್ಷದ ಹಿಂದೆ ಇದೇ ಮಾತನ್ನು ನಾನು ಒಬ್ಬ ಗೆಳೆಯನಿಗೆ ಹೇಳಿದ್ದೆ.

ನಾನು ಅನುವಾದದ ಕೆಲಸ ಮಾಡುವವಳು. ಪರಿಚಯವಿಲ್ಲದವರಿಂದ ಫೈಲ್ ಬರುವುದು, ಅದನ್ನು ತೆರೆದು ನೋಡುವುದು ನನಗೆ ದಿನದ ಕೆಲಸ. ಒಂದು ದಿನ ಒಂದು ಜಿಪ್ ಬಂತು. ಅದಕ್ಕೆ ಪಾಸ್‌ವರ್ಡ್ ಇತ್ತು, ಆ ಪಾಸ್‌ವರ್ಡನ್ನು ಮೇಲ್‌ನಲ್ಲೇ ಬರೆದಿದ್ದರು. ಗೋಪ್ಯ ದಾಖಲೆ ಇರಬೇಕು ಅಂದುಕೊಂಡೆ. ಬೀಗ ಹಾಕಿದ ಜಿಪ್‌ನೊಳಗೆ ಮೇಲ್ ಸೇವೆಯ ಸ್ಕ್ಯಾನರ್ ಸಾಮಾನ್ಯವಾಗಿ ಇಣುಕಲಾರದು, ಬೀಗ ಹಾಕಿದ್ದೇ ಅದಕ್ಕೆ ಅಂತ ಆಗ ಹೊಳೆಯಲಿಲ್ಲ. ಒಳಗಿನ ಫೈಲಿಗೆ ಪಿಡಿಎಫ್‌ನ ಚಿಹ್ನೆ ಇತ್ತು, ಹೆಸರಿನ ಕೊನೆಗೂ ಡಾಟ್ ಪಿಡಿಎಫ್ ಅಂತಲೇ ಇತ್ತು. ಅದರ ನಂತರ ಇನ್ನೊಂದು ಬಾಲ, ಪ್ರೋಗ್ರಾಂ ಫೈಲಿನ ಗುರುತಾದ ಡಾಟ್ ಇಎಕ್ಸ್ಇ ಇದ್ದದ್ದು ಕಾಣಲೇ ಇಲ್ಲ, ಯಾಕೆಂದರೆ ತನಗೆ ಗೊತ್ತಿರುವ ಎಕ್ಸ್‌ಟೆನ್ಷನ್‌ಗಳನ್ನು, ಅಂದರೆ ಫೈಲ್ ಹೆಸರಿನ ಕೊನೆಯ ಬಾಲವನ್ನು, ವಿಂಡೋಸ್ ತಾನಾಗಿಯೇ ಬಚ್ಚಿಡುತ್ತೆ. 2000ದ ಮೇ ತಿಂಗಳಲ್ಲಿ ಲೋಕವನ್ನೆಲ್ಲ ಕಾಡಿದ ಐಲವ್‌ಯು ಅನ್ನುವ ಕಂಪ್ಯೂಟರ್ ಹುಳು ಮೇಲ್‌ನಲ್ಲಿ ಬಂದದ್ದೂ ಹೀಗೇ: ನೋಡಲು ಟಿಎಕ್ಸ್‌ಟಿ ಫೈಲು, ಬಾಲದಲ್ಲಿ ವಿಬಿಎಸ್, ಅಂದರೆ ತೆರೆದರೆ ಓಡುವ ಸ್ಕ್ರಿಪ್ಟ್. ಅಷ್ಟು ಹಳೆಯ ಉಪಾಯ ಇವತ್ತಿಗೂ ನಡೆಯುತ್ತೆ ಅನ್ನುವುದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತೆ.

ತೆರೆದೆ. ಬದಲಾವಣೆ ಮಾಡಲು ಅನುಮತಿ ಕೊಡುತ್ತೀರಾ ಅಂತ ವಿಂಡೋಸ್ ಕೇಳಿತು, ಯೋಚಿಸದೆ ಹೌದು ಒತ್ತಿದೆ. ಮರುಕ್ಷಣ ನಿಜವಾದ ಪಿಡಿಎಫ್ ಒಂದು ತೆರೆದುಕೊಂಡಿತು, ಎರಡು ಪುಟದ ಸಾಧಾರಣ ಒಪ್ಪಂದ. ಹಾಗಾಗಿ ಅನುಮಾನವೇ ಹುಟ್ಟಲಿಲ್ಲ.

ಕೆಲವು ದಿನಕ್ಕೆ ಫ್ಯಾನ್ ಸದ್ದು ಶುರುವಾಯಿತು. ನಿಮ್ಮ ಹಾಗೇ ನಾನೂ ಎಸ್‌ವಿಸಿಹೋಸ್ಟ್‌ಗಳನ್ನು, ಅಂದರೆ ಹಿನ್ನೆಲೆಯ ಸರ್ವೀಸುಗಳನ್ನು ಓಡಿಸುವ ವಿಂಡೋಸ್‌ನದೇ ಪ್ರೋಗ್ರಾಮನ್ನು, ಎಣಿಸುತ್ತ ಕೂತೆ. ಸಂಖ್ಯೆ ನೋಡಿ ಗಾಬರಿಯಾಗಬೇಡಿ. ವಿಂಡೋಸ್ 10ರ 2017ರ ಒಂದು ಆವೃತ್ತಿಯಿಂದ, 3.5 ಜಿಬಿಗಿಂತ ಹೆಚ್ಚು ರ್‍ಯಾಮ್ ಇರುವ ಕಂಪ್ಯೂಟರ್‌ನಲ್ಲಿ ಬಹುತೇಕ ಪ್ರತಿ ಸರ್ವೀಸಿಗೂ ಬೇರೆ ಬೇರೆ ಎಸ್‌ವಿಸಿಹೋಸ್ಟ್ ಓಡುತ್ತೆ, ಹತ್ತಾರು ಇರುವುದೇ ಸಹಜ. ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಫೈಲ್ ಎಲ್ಲಿದೆ ಅಂತ ನೋಡಿದೆ. ಉಳಿದವೆಲ್ಲ ವಿಂಡೋಸ್ ಫೋಲ್ಡರಿನ ಸಿಸ್ಟಮ್32ರಲ್ಲಿದ್ದವು. ಒಂದು ಮಾತ್ರ ನನ್ನ ಆ್ಯಪ್‌ಡೇಟಾದ, ಅಂದರೆ ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗದ, ರೋಮಿಂಗ್ ಫೋಲ್ಡರಿನಲ್ಲಿತ್ತು. ಅಳಿಸಿದೆ, ರೀಸ್ಟಾರ್ಟ್ ಮಾಡಿದರೆ ಮತ್ತೆ ಬಂತು. ನಿಗದಿತ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹುಡುಕಿದಾಗ ಯಾವುದೋ ಅಪ್‌ಡೇಟ್‌ನ ಹೆಸರಿಟ್ಟುಕೊಂಡ ಒಂದು ಕೆಲಸ ಹತ್ತು ನಿಮಿಷಕ್ಕೊಮ್ಮೆ ಅದನ್ನು ಎಬ್ಬಿಸುತ್ತಿತ್ತು. ಅದನ್ನೂ ತೆಗೆದೆ. ಫ್ಯಾನ್ ಶಾಂತವಾಯಿತು. ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ. ಗೆದ್ದೆ ಅಂದುಕೊಂಡೆ.

ಇನ್ನು ನನ್ನ ತಪ್ಪಿನ ವಿಷಯ. ಫೈಲ್ ತೆರೆದದ್ದನ್ನು ನಾನು ತಪ್ಪು ಅನ್ನುವುದಿಲ್ಲ, ಅದು ಯಾರ ಕೈಯಲ್ಲಾದರೂ ಆಗುತ್ತೆ. ಅವತ್ತು ಸಂಜೆ ಮುಂಜಾಗ್ರತೆ ಅಂದುಕೊಂಡು ನನ್ನ ಎಲ್ಲ ಪಾಸ್‌ವರ್ಡ್ ಬದಲಾಯಿಸಿದೆ, ಅದೇ ಕಂಪ್ಯೂಟರಿನಲ್ಲಿ ಕೂತು. ಮೇಲ್, ಬ್ಯಾಂಕ್, ಕೆಲಸದ ಖಾತೆಗಳು, ಒಂದಾದ ಮೇಲೆ ಒಂದು. ಬದಲಾಯಿಸಿದ್ದನ್ನು ಬ್ರೌಸರಿನಲ್ಲೇ ಉಳಿಸಿದೆ ಕೂಡ. ನಾನು ಹಿಡಿದದ್ದು ಪ್ರೊಸೆಸರ್ ಕದ್ದು ಕ್ರಿಪ್ಟೋ ನಾಣ್ಯ ಗಣಿ ಮಾಡುತ್ತಿದ್ದ ಒಂದು ಪ್ರೋಗ್ರಾಮನ್ನು ಮಾತ್ರ. ಸದ್ದು ಮಾಡುತ್ತಿದ್ದದ್ದು ಅದೊಂದೇ. ನಾನು ಮೊದಲು ತೆರೆದ ಫೈಲಿನ ಕೆಲಸವೇ ಬೇರೆ ಪ್ರೋಗ್ರಾಂಗಳನ್ನು ಒಳಗೆ ಕರೆತರುವುದಾಗಿತ್ತು. ಅದು ಕರೆತಂದ ಇನ್ನೊಂದು ಪ್ರೋಗ್ರಾಂ ಸದ್ದಿಲ್ಲದೆ ಕೂತು ನಾನು ಒತ್ತುವ ಪ್ರತಿ ಕೀಲಿಯನ್ನೂ ಬರೆದುಕೊಳ್ಳುತ್ತಿತ್ತು. ಹಳೆಯ ಪಾಸ್‌ವರ್ಡ್‌ಗಳು ಅದನ್ನು ಕಳಿಸಿದವರಿಗೆ ಪೂರ್ತಿ ಸಿಕ್ಕಿದ್ದವೋ ಇಲ್ಲವೋ, ಹೊಸವನ್ನಂತೂ ಅವತ್ತು ಒಂದೇ ಸಂಜೆಯಲ್ಲಿ, ಯಾವುದು ಯಾವ ಖಾತೆಯದು ಅಂತ ಸಾಲಾಗಿ ನಾನೇ ಬರೆಸಿಕೊಟ್ಟಂತಾಯಿತು.

ಅವರು ನನ್ನ ಮೇಲ್‌ಗೇ ನುಗ್ಗಿದರು. ಅದಕ್ಕೆ ಎರಡು ಹಂತದ ಪರಿಶೀಲನೆ ಇತ್ತಲ್ಲ, ಒಟಿಪಿ ಇಲ್ಲದೆ ಹೇಗೆ ಒಳಹೊಕ್ಕರು ಅಂತ ನಾನೂ ಕೇಳಿದೆ. ಒಮ್ಮೆ ಲಾಗಿನ್ ಆದಮೇಲೆ ಸೈಟು ಬ್ರೌಸರಿಗೆ ಕುಕಿ ಅನ್ನುವ ಗುರುತಿನ ಚೀಟಿ ಕೊಟ್ಟಿರುತ್ತೆ, ಆ ಚೀಟಿ ತೋರಿಸಿದವರನ್ನು ಸಾಮಾನ್ಯವಾಗಿ ಮತ್ತೆ ಏನೂ ಕೇಳುವುದಿಲ್ಲ. ಚೀಟಿಯನ್ನೇ ನಕಲು ಮಾಡಿ ಒಯ್ದರೆ ಒಟಿಪಿಯ ಮಾತೇ ಬರುವುದಿಲ್ಲ. ಒಳಗೆ ಬಂದವರು ಭದ್ರತಾ ಎಚ್ಚರಿಕೆಗಳೆಲ್ಲ ನೇರ ಕಸದ ಬುಟ್ಟಿಗೆ ಹೋಗುವಂತೆ ಒಂದು ಫಿಲ್ಟರ್ ಮಾಡಿಟ್ಟರು, ಆಮೇಲೆ ರಿಕವರಿ ನಂಬರ್ ಬದಲಿಸಿದರು. ಹನ್ನೊಂದು ವರ್ಷದ ನನ್ನ ಪತ್ರಗಳು ಹೋದವು, ಮರಳಿ ಸಿಗಲೇ ಇಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು, ನನ್ನ ಹೆಸರಿನಲ್ಲಿ ನನ್ನನ್ನು ನಂಬಿದವರಿಗೆಲ್ಲ ಅಂಥದೇ ಜಿಪ್ ಹೋಗಿದ್ದು. ಇಬ್ಬರು ತೆರೆದರು.

ಡಿಸ್ಕ್ ಪರೀಕ್ಷಿಸಿದ ಗೆಳೆಯ ಇನ್ನೊಂದು ತೋರಿಸಿದ. ನನ್ನ ಆ್ಯಪ್‌ಡೇಟಾ ಫೋಲ್ಡರ್ ಇಡಿಯಾಗಿ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ವಿನಾಯಿತಿ ಪಟ್ಟಿಯಲ್ಲಿತ್ತು. ನಾನು ಒತ್ತಿದ ಆ ಒಂದು ‘ಹೌದು’ ಸಾಕಾಗಿತ್ತು. ನೋಡಬೇಡ ಅಂದ ಕಡೆ ಆಂಟಿವೈರಸ್ ನೋಡಲಿಲ್ಲ, ಏನೂ ಇಲ್ಲ ಅಂದಿತು.

ಹಾಗಾಗಿ, ಯಾವುದು ವೈರಸ್ ಅಂತ ಪತ್ತೆ ಮಾಡುವುದು ಹೇಗೆ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜಾಗ ತಪ್ಪಿದ್ದರೆ ಕಳ್ಳ ಅನ್ನಬಹುದು, ಜಾಗ ಸರಿಯಿದ್ದರೆ ಸಾಚಾ ಅನ್ನಲಾಗದು. ಅಸಲಿ ಎಸ್‌ವಿಸಿಹೋಸ್ಟನ್ನೇ ಎಬ್ಬಿಸಿ, ಓಡುವ ಮೊದಲೇ ತಡೆದು, ಮೆಮೊರಿಯಲ್ಲಿ ಅದರ ಒಳಗನ್ನು ಖಾಲಿ ಮಾಡಿ ತನ್ನ ಕೋಡ್ ತುಂಬುವ ಮಾಲ್‌ವೇರ್ ಇದೆ. ಹೆಸರು, ಫೋಲ್ಡರ್ ಎಲ್ಲವೂ ಸರಿಯಾಗಿಯೇ ಕಾಣುತ್ತೆ. ಯಾವ ಕ್ಲೀನರ್ ಒಳ್ಳೆಯದು ಅಂತಲೂ ಕೇಳಿದ್ದೀರಿ. ಯಾವುದೂ ಬೇಡ, ಕ್ಲೀನರ್ ಅಂತ ವೇಷ ಹಾಕಿ ಬರುವವೂ ಎಷ್ಟೋ ಇವೆ.

ಆ ಕಂಪ್ಯೂಟರಿನ ಇಂಟರ್ನೆಟ್ ಈಗಲೇ ಕಳಚಿ. ಬೇರೆ ಸಾಧನದಿಂದ, ನಿಮ್ಮ ಫೋನಾದರೂ ಸರಿ, ಮೊದಲು ಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಕದ್ದ ಚೀಟಿಗಳು ರದ್ದಾಗುವುದು ಆಗಲೇ. ಫಿಲ್ಟರ್, ಫಾರ್ವರ್ಡಿಂಗ್, ರಿಕವರಿ ನಂಬರ್ ನೋಡಿ. ಆಮೇಲೆ ಬ್ಯಾಂಕ್. ಫೋಟೊ, ದಾಖಲೆಗಳನ್ನು ನಕಲು ಮಾಡಿಕೊಳ್ಳಿ, ಇನ್‌ಸ್ಟಾಲರ್, ಪ್ರೋಗ್ರಾಂ ಒಂದನ್ನೂ ಮುಟ್ಟಬೇಡಿ. ಇನ್ನೊಂದು ಕಂಪ್ಯೂಟರಿನಲ್ಲಿ ತಯಾರಿಸಿದ ಪೆನ್‌ಡ್ರೈವ್‌ನಿಂದ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ. ಹಾಕಿದ ಕೂಡಲೇ ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣುವ ಹಾಗೆ ಮಾಡಿ, ನಕಲು ಮಾಡಿಟ್ಟ ಫೈಲುಗಳ ಬಾಲವನ್ನೆಲ್ಲ ಒಮ್ಮೆ ಓದಿ ನೋಡಿ, ಆಮೇಲಷ್ಟೇ ತೆರೆಯಿರಿ.