ಹೊಸ ಫಿಲ್ಟರ್ ಹಾಕಿದರೂ ಆಯಿಲ್ ಲೈಟ್ ಮಿಣುಕುತ್ತಿದೆ, ಇಂಜಿನ್ ಬಿಚ್ಚಿಸಬೇಕಾ?

ಬೇಡ. ಸದ್ಯಕ್ಕಂತೂ ಬೇಡ. ಮೊದಲು ಆಯಿಲ್ ಪ್ರೆಶರ್ (ಒತ್ತಡ) ಅಳೆಯುವ ಗೇಜ್ ಹಾಕಿಸಿ ನೋಡಿ.

ನೀವು ಬರೆದಿರುವುದು ಇಷ್ಟು: ಹೊಳಲ್ಕೆರೆ ಕಡೆ ಓಡುವ ಡೀಸೆಲ್ ಪಿಕಪ್. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ, ಅಂದರೆ ರೇಸ್ ಕೊಡದೆ ಸುಮ್ನೆ ಆನ್ ಇದ್ದಾಗ, ಆಯಿಲ್ ಲೈಟ್ ಮಿಣುಕುತ್ತದೆ, ಸ್ವಲ್ಪ ರೇಸ್ ಕೊಟ್ಟರೆ ಆರುತ್ತದೆ. ಫಿಲ್ಟರ್ ಚೋಕ್ ಆಗಿದೆ ಅಂತ ಎರಡು ಸಲ ಬದಲಾಯಿಸಿದ್ದೀರಿ. ಈಗ ಮೆಕ್ಯಾನಿಕ್ ಇಂಜಿನ್ ಬಿಚ್ಚೋಣ ಅನ್ನುತ್ತಿದ್ದಾರೆ.

ನನ್ನದು ಚಿತ್ರದುರ್ಗದಲ್ಲಿ ಹೈವೇ ಪಕ್ಕ ಗ್ಯಾರೇಜ್. ಬರುವುದೆಲ್ಲ ಇಂಥ ಗಾಡಿಗಳೇ. ಚಳ್ಳಕೆರೆ ಈರುಳ್ಳಿ ಹೊತ್ತವು, ದಾವಣಗೆರೆಗೆ ಮೆಕ್ಕೆಜೋಳ ಹೊತ್ತವು. ಫಿಲ್ಟರ್ ಕಟ್ಟಿಕೊಂಡರೆ ಲೈಟ್ ಹತ್ತುತ್ತದೆ ಅನ್ನುವ ಮಾತನ್ನು ಎಲ್ಲ ಡ್ರೈವರ್‌ಗಳ ಬಾಯಲ್ಲೂ ಕೇಳುತ್ತೇನೆ. ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಫಿಲ್ಟರ್ ಒಳಗೋ ಅದು ಕೂರುವ ಜಾಗದಲ್ಲೋ ಒಂದು ಬೈಪಾಸ್ ವಾಲ್ವ್ ಇರುತ್ತದೆ. ಫಿಲ್ಟರ್ ಒಳಗಿನ ಸೋಸುವ ಪೇಪರ್ ಕಟ್ಟಿಕೊಂಡರೆ ಆ ವಾಲ್ವ್ ತೆರೆಯುತ್ತದೆ, ಆಯಿಲ್ ಸೋಸದೆ ಹಾಗೇ ಮುಂದೆ ಹೋಗುತ್ತದೆ. ಆಯಿಲ್ಲೇ ಇಲ್ಲದೆ ಇಂಜಿನ್ ಸೀಜ್ ಆಗುವುದಕ್ಕಿಂತ ಕೊಳಕು ಆಯಿಲ್ ವಾಸಿ ಅನ್ನುವ ಲೆಕ್ಕ ಅದು. ಹಾಗಾಗಿ ಫಿಲ್ಟರ್ ಚೋಕ್ ಆದಾಗ ಲೈಟೂ ಹತ್ತುವುದಿಲ್ಲ, ಸದ್ದೂ ಬರುವುದಿಲ್ಲ. ಬೇರಿಂಗ್ ಮಾತ್ರ ಒಳಗೊಳಗೇ ಸವೆಯುತ್ತಿರುತ್ತದೆ. ಲೈಟ್ ಹತ್ತಿದೆ ಅಂದರೆ ತೊಂದರೆ ಬೇರೆ ಕಡೆ ಇರುವುದೇ ಜಾಸ್ತಿ.

ಇನ್ನೊಂದು ವಿಷಯ. ಆ ಕೆಂಪು ಲೈಟ್ ಪ್ರೆಶರ್ ಅಳೆಯುವುದಿಲ್ಲ. ಅದರ ಹಿಂದೆ ಇರುವುದು ಬರೀ ಒಂದು ಸ್ವಿಚ್. ಪ್ರೆಶರ್ ಅರ್ಧ ಬಾರ್ ಆಸುಪಾಸಿಗೆ, ಅಂದರೆ 7 ಪಿಎಸ್‌ಐ ಹತ್ತಿರ ಇಳಿದಾಗ ಅದು ಹತ್ತಿಕೊಳ್ಳುತ್ತದೆ. ಅಷ್ಟೊತ್ತಿಗೆ ಪ್ರೆಶರ್ ತಳ ಹಿಡಿದಿರುತ್ತದೆ. ಇಲ್ಲವೇ ಪ್ರೆಶರ್ ಸರಿಯಾಗೇ ಇದ್ದು, ಸ್ವಿಚ್ಚೇ ಕೆಟ್ಟಿರುತ್ತದೆ. ಲೈಟ್ ನೋಡಿ ಇವೆರಡನ್ನೂ ಬೇರೆ ಮಾಡಲು ಆಗಲ್ಲ. ಅದಕ್ಕೇ ಗೇಜ್ ಅನ್ನುತ್ತಿರುವುದು.

ಸ್ವಿಚ್ ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಬೇಕು. ತಣ್ಣಗಿನ ಇಂಜಿನ್‌ನಲ್ಲಿ ಆಯಿಲ್ ದಪ್ಪ ಇರುತ್ತದೆ, ಎಲ್ಲ ಗಾಡಿಯೂ ಪಾಸ್. ಒಂದು ಸುತ್ತು ಓಡಿಸಿ ಚೆನ್ನಾಗಿ ಬಿಸಿಯಾದ ಮೇಲೆ ಗೇಜ್ ಹಾಕಿ ನೋಡಿ. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಇರುವ ಅಂಕಿಯೇ ಕೊನೆ ಮಾತು. ಅದು ಸಿಗದಿದ್ದರೆ 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಗ್ಯಾರೇಜ್ ಲೆಕ್ಕ. ಗೇಜ್‌ನಲ್ಲಿ ಸರಿಯಾಗಿ ಬಂದರೆ ಹೊಸ ಸ್ವಿಚ್ ಹಾಕಿಸಿ, ಕೆಲಸ ಮುಗೀತು. ಐಡ್ಲಿಂಗ್‌ನಲ್ಲಿ ಮಾತ್ರ ಕಡಿಮೆ ಬಂದರೆ ಆಯಿಲ್ ತೆಳ್ಳಗಾಗಿದೆ, ಇಲ್ಲಾ ಬೇರಿಂಗ್ ಸವೆದಿದೆ. ರೇಸ್ ಕೊಟ್ಟಾಗ ಏರಿ ಮತ್ತೆ ಕುಸಿದರೆ ನನ್ನ ಅನುಮಾನ ಸ್ಟ್ರೈನರ್ ಮೇಲೆ, ಅದೇನು ಅಂತ ಕೆಳಗೆ ಹೇಳುತ್ತೇನೆ.

ಆಯಿಲ್ ತೆಳ್ಳಗಾಗುವುದನ್ನು ನೀವೇ ಪತ್ತೆ ಮಾಡಬಹುದು. ಡಿಪ್‌ಸ್ಟಿಕ್ (ಆಯಿಲ್ ಲೆವೆಲ್ ನೋಡುವ ಕಡ್ಡಿ) ಎಳೆದು ನೋಡಿ. ಆಯಿಲ್ ಹಾಕದೆಯೇ ಲೆವೆಲ್ ಏರಿದ್ದರೆ ಖುಷಿ ಪಡಬೇಡಿ, ಇಂಜೆಕ್ಟರ್ ಸೋರಿ ಡೀಸೆಲ್ ಆಯಿಲ್‌ಗೆ ಇಳಿಯುತ್ತಿರಬಹುದು. ಮೂಸಿದರೆ ಡೀಸೆಲ್ ವಾಸನೆ ಬರುತ್ತದೆ. ಕಪ್ಪಾಗಿದೆ ಅಂತ ಹೆದರಬೇಡಿ, ಡೀಸೆಲ್ ಇಂಜಿನ್‌ನಲ್ಲಿ ಆಯಿಲ್ ಬೇಗ ಕಪ್ಪಾಗೇ ಆಗುತ್ತದೆ.

ಸ್ಟ್ರೈನರ್ ಅಂದರೆ ಚೇಂಬರ್ ಒಳಗೆ, ಅಂದರೆ ಇಂಜಿನ್ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿಯೊಳಗೆ, ಆಯಿಲ್ ಪಂಪಿನ ಬಾಯಿಗೆ ಇರುವ ಜಾಲರಿ. ಅದು ಕಟ್ಟಿಕೊಂಡರೆ ಬೈಪಾಸ್ ಕೂಡ ಕಾಪಾಡಲ್ಲ, ಪಂಪಿಗೇ ಆಯಿಲ್ ಸಿಗುವುದಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಗಾಡಿಯ ಚೇಂಬರ್ ಇಳಿಸಿದೆ. ಜಾಲರಿ ತುಂಬಾ ಕಪ್ಪು ಗಸಿ. ಅದರ ಮಧ್ಯೆ ಬೂದು ಬಣ್ಣದ, ಶಾವಿಗೆಯಂಥ ರಬ್ಬರ್ ಎಳೆಗಳು. ಸಿಲಿಕಾನ್ ಗಮ್! ಹಿಂದೆ ಯಾರೋ ಪ್ಯಾಕಿಂಗ್ ಕೂರಿಸುವಾಗ ಧಾರಾಳವಾಗಿ ಬಳಿದಿದ್ದರು. ಬೋಲ್ಟ್ ಬಿಗಿ ಮಾಡಿದಾಗ ಒಳಕ್ಕೆ ಉಕ್ಕಿದ್ದು ಒಣಗಿ, ಕಿತ್ತು, ಜಾಲರಿಗೆ ಬಂದು ಕೂತಿದೆ. ತೊಳೆದು ಹಾಕಿದ ಮೇಲೆ ಗೇಜ್ ಎದ್ದು ನಿಂತಿತು. ನಿಮ್ಮ ಗಾಡಿಯ ಚೇಂಬರ್ ಮೊದಲು ಯಾವಾಗಲಾದರೂ ಬಿಚ್ಚಿದ್ದರೆ ಇದನ್ನು ಮರೆಯದೆ ನೋಡಿಸಿ. ಚೇಂಬರ್ ಇಳಿಸುವುದು ಇಂಜಿನ್ ಬಿಚ್ಚಿದಂತಲ್ಲ, ಖರ್ಚೂ ಅಷ್ಟಾಗಲ್ಲ. ಇಳಿಸಿದಾಗಲೇ ಒಂದೆರಡು ಬೇರಿಂಗ್ ಕ್ಯಾಪ್ ಬಿಚ್ಚಿ ಬೇರಿಂಗ್ ಸವೆದಿದೆಯಾ ಅಂತಲೂ ನೋಡಬಹುದು. ಸುಮ್ನೆ ಫ್ಲಶಿಂಗ್ ಆಯಿಲ್ ಹಾಕಿಸುವುದು ಮಾತ್ರ ಬೇಡ. ಹಳೇ ಇಂಜಿನ್‌ನಲ್ಲಿ ಗಸಿ ಒಮ್ಮೆಲೇ ಕಿತ್ತು ಬಂದು ಇದೇ ಜಾಲರಿಗೆ ಮೆತ್ತಿಕೊಳ್ಳುತ್ತದೆ.

ಬಿಚ್ಚಿದ ಹಳೇ ಫಿಲ್ಟರ್ ಎಸೆದಿಲ್ಲ ಅಲ್ವಾ? ಎಸೆದಿದ್ದರೆ ಮುಂದಿನ ಸಲ ಇಟ್ಟುಕೊಳ್ಳಿ. ಕಟ್ಟರ್‌ನಿಂದ ಡಬ್ಬಿ ಕತ್ತರಿಸಿಸಿ. ಹ್ಯಾಕ್ಸಾ ಬೇಡ, ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಪೇಪರ್ ಮಡಿಕೆಗಳನ್ನು ಬಿಸಿಲಲ್ಲಿ ಬಿಡಿಸಿ ನೋಡಿ. ಮಸಿ ಇದ್ದರೆ ಚಿಂತೆ ಇಲ್ಲ. ಮಿಂಚುವ ಚೂರುಗಳಿದ್ದು ಮ್ಯಾಗ್ನೆಟ್‌ಗೆ ಅಂಟದಿದ್ದರೆ ಅದು ಬೇರಿಂಗ್ ಲೋಹ ಇರಬಹುದು. ಗೇಜ್ ಕೂಡ ಕಡಿಮೆ ತೋರಿಸಿ, ಇದೂ ಸಿಕ್ಕರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ, ಬಿಚ್ಚಿಸಿ.

ನಮ್ಮ ಕಡೆ ಗಣಿ ಲಾರಿ ಓಡುವ ರಸ್ತೆಗಳ ಕೆಂಪು ಧೂಳು ಆಯಿಲ್‌ಗೆ ಸೇರುವುದು ಬಹುತೇಕ ಏರ್ ಫಿಲ್ಟರ್ ದಾರಿಯಿಂದ. ಅದರ ಹೋಸ್ ಪೈಪ್ ಸೀಳಿದೆಯಾ, ಕ್ಲಿಪ್ ಸಡಿಲ ಆಗಿದೆಯಾ ನೋಡಿ. ಎಪಿಎಂಸಿ ಸಾಲಿನಲ್ಲಿ ಗಂಟೆಗಟ್ಟಲೆ ಇಂಜಿನ್ ಆನ್ ಇಟ್ಟು ನಿಲ್ಲುವ ಗಾಡಿಯಾದರೆ ಆಯಿಲನ್ನು ಕಿಲೋಮೀಟರ್ ಲೆಕ್ಕಕ್ಕಿಂತ ಮೊದಲೇ ಬದಲಾಯಿಸಿ.

ಗೇಜ್ ಹಾಕಿಸುವವರೆಗೆ ಲೋಡ್ ಹೊರಬೇಡಿ. ಓಡುವಾಗ ಲೈಟ್ ಹತ್ತಿ ಹಾಗೇ ನಿಂತರೆ ಮುಂದಿನ ಊರಿನವರೆಗೆ ನೋಡೋಣ ಅನ್ನದೆ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಬಿಸಿ ಐಡ್ಲಿಂಗ್‌ನಲ್ಲಿ ಎಷ್ಟು, 2000 ಆರ್‌ಪಿಎಂನಲ್ಲಿ ಎಷ್ಟು ಬಂತು ಅಂತ ಬರೆಯಿರಿ, ಮುಂದಿನದು ಹೇಳುತ್ತೇನೆ.