ಕೃಪೆ ಫ್ರೀ ಅಂದ್ರೆ ಒಳ್ಳೇ ಕೆಲಸ ಯಾಕೆ?

ಪ್ರಶ್ನೆ: ಪ್ರತಿ ಭಾನುವಾರ ಚರ್ಚಿಗೆ ಹೋಗ್ತೀನಿ, ಕೈಲಾದಷ್ಟು ಕಾಣಿಕೆನೂ ಹಾಕ್ತೀನಿ. ಆದ್ರೆ ಪಾಸ್ಟರು ರಕ್ಷಣೆ (ಅಂದ್ರೆ ಪಾಪದಿಂದ ಬಿಡುಗಡೆ) ಬರೀ ಕೃಪೆಯಿಂದ, ದೇವರು ಸುಮ್ನೆ ಕೊಡೋದು ಅಂತಾರೆ. ಹಾಗಾದ್ರೆ ಇದೆಲ್ಲ ವೇಸ್ಟಾ?

ಉತ್ತರ: ಖಂಡಿತ ಅಲ್ಲ ರೀ. ಆದ್ರೆ ಪಾಸ್ಟರು ಹೇಳೋದೂ ನಿಜ. ಬೈಬಲ್‌ನ ಲೂಕನ ಸುವಾರ್ತೆ 23ನೇ ಅಧ್ಯಾಯದಲ್ಲಿ ಯೇಸುವಿನ ಪಕ್ಕ ಶಿಲುಬೆ ಮೇಲಿದ್ದ ಆ ಅಪರಾಧಿನ ನೋಡಿ, ಕೈಕಾಲು ಅಲ್ಲಾಡ್ಸೋಕೂ ಆಗಲ್ಲ, ದೀಕ್ಷಾಸ್ನಾನ ಇಲ್ಲ, ಕಾಣಿಕೆ ಇಲ್ಲ, ಮಾಡಿದ್ದನ್ನ ಸರಿಪಡಿಸೋಕೆ ಟೈಮೂ ಇಲ್ಲ, ನನ್ನನ್ನ ನೆನಪು ಮಾಡ್ಕೋ ಅಂತ ಕೇಳ್ಕೊಂಡ ಅಷ್ಟೆ, ಅವತ್ತೇ ಪರದೈಸು, ಅಂದ್ರೆ ಸ್ವರ್ಗ, ಸಿಕ್ತು! ನಂಗಂತೂ ಇದನ್ನ ಓದಿದಾಗೆಲ್ಲ ಕಣ್ಣು ತುಂಬುತ್ತೆ. ಬೈಬಲ್‌ನಲ್ಲೇ ಇರೋ ಎಫೆಸದವರಿಗೆ ಬರೆದ ಪತ್ರ 2:8-9 ಹೇಳೋದೂ ಇದನ್ನೇ, ರಕ್ಷಣೆ ದೇವರ ವರ, ಯಾರೂ ಹೊಗಳ್ಕೊಳ್ಳೋ ಹಾಗಿಲ್ಲ. ಆದ್ರೆ 10ನೇ ವಚನ ಬಿಡ್ಬೇಡಿ, ಒಳ್ಳೇ ಕೆಲಸಕ್ಕಾಗೇ ನಮ್ಮನ್ನ ಸೃಷ್ಟಿಸಿದ್ದು ಅಂತಿದೆ, ಅಂದ್ರೆ ಕಾಣಿಕೆ ಹಾಕಿ, ಆದ್ರೆ ರಕ್ಷಣೆಗೆ ಕೊಡೋ ಫೀಸು ಅಂತಲ್ಲ, ಸಿಕ್ಕಿದ್ದರ ಖುಷಿಗೆ.